ಹನ್ನೆರಡು ಸೀರೆಯ ಲೆಕ್ಕ

ಇವತ್ತು ಬೆಳಿಗ್ಗೆ ಅಂಗಡಿಯ ಕಂಪ್ಯೂಟರ್‌ನಲ್ಲಿ ಲೆಕ್ಕದ ಸಾಫ್ಟ್‌ವೇರ್ ತೆರೆದರೆ, ಅದೇನೋ ಹೊಸತು ಸೇರಿಸಬೇಕಂತೆ, 'ಮುಂದುವರಿಯಲೇ?' ಎಂದು ಕೇಳಿತು. ಎಷ್ಟು ವಿನಯ ನೋಡಿ! ಇಡೀ ನಾರಾಯಣಪೇಟೆಯಲ್ಲಿ ನನ್ನ ಅಪ್ಪಣೆ ಕೇಳುವುದು ಅದೊಂದೇ. ಆ ಪ್ರಶ್ನೆ ಕಂಡಾಗಲೆಲ್ಲ ನನಗೆ ಹನುಮಂತಪ್ಪ ಕಾಕಾ ನೆನಪಾಗುತ್ತಾರೆ.

ಕಾಕಾ ನಮ್ಮಪ್ಪನ ಕಾಲದಿಂದ ನಮ್ಮ ಸೀರೆ ಅಂಗಡಿಯ ಗುಮಾಸ್ತರು. ದಿನಾ ಮಕ್ತಲ್‌ನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಸೆರಗು ಮುಟ್ಟಿ ನೋಡಿ, ಯಾರ ಮಗ್ಗದ ಸೀರೆ ಎಂದು ಹೇಳುತ್ತಿದ್ದರು. ಅಪ್ಪನ ನಂತರ ಗಾದಿಯೇರಿದ ನನಗೆ ಮುಟ್ಟಿದರೆ ಗೊತ್ತಾಗುತ್ತಿದ್ದುದು ಕೀಬೋರ್ಡ್ ಮಾತ್ರ. ಆದರೇನು, ರಾಯಚೂರಿನಲ್ಲಿ ಮೂರು ದಿನ ತರಬೇತಿ ಪಡೆದಿದ್ದೆ. ಅಪ್ಪನ ಫೋಟೋ ಪಕ್ಕದಲ್ಲೇ ಸರ್ಟಿಫಿಕೇಟ್ ತೂಗುಹಾಕಿದ್ದೆ. ಅಷ್ಟು ಓದಿದವನಿಗೆ ಮೂವತ್ತು ವರ್ಷ ದುಡಿದವರು ಪೆದ್ದರಂತೆ ಕಾಣುವುದು ಸಹಜ ತಾನೇ?

ಒಂದು ದಿನ ದಾಸ್ತಾನು ಎಣಿಸಿದೆವು. ಕಂಪ್ಯೂಟರ್ ತೋರಿಸಿದ್ದಕ್ಕಿಂತ ಹನ್ನೆರಡು ಗದ್ವಾಲ್ ಸೀರೆ ಕಡಿಮೆ ಇದ್ದವು. ಗಿರಾಕಿಗಳು ಕುಳಿತಿದ್ದಾರೆ ಎಂಬ ಪರಿವೆಯೂ ಇಲ್ಲದೆ ಕೇಳಿಯೇಬಿಟ್ಟೆ.

"ಕಾಕಾ, ಹನ್ನೆರಡು ಸೀರಿ ಎಲ್ಲಿ ಹೋದ್ವು?"

"ನಾ ತಗೊಂಡೀನಿ ಅಂತೀರೇನ್ರಿ ಸಾವ್ಕಾರ?"

"ನಾ ಅನ್ನಂಗಿಲ್ಲ. ಕಂಪ್ಯೂಟರ್ ಅಂತೈತಿ."

ಆ ಉತ್ತರದ ಜಾಣತನಕ್ಕೆ ಒಳಗೊಳಗೇ ಬೆನ್ನು ತಟ್ಟಿಕೊಂಡೆ. ಕಾಕಾ ಬೀಗದ ಕೈ ಗೊಂಚಲನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿನತ್ತ ನಡೆದರು.

ಎರಡು ವಾರ ಕಳೆದ ಮೇಲೆ, ಯಾವ ತರಬೇತಿಯೂ ಇಲ್ಲದ ನನ್ನ ಹೆಂಡತಿ ಸುಜಾತ ಸುಮ್ಮನೆ ಕಂಪ್ಯೂಟರ್ ಮುಂದೆ ಕುಳಿತಳು. "ಏನ್ರೀ, ಗದ್ವಾಲಿಂದ ಬಂದ ಒಂದs ಗಂಟಿನ ಬಿಲ್ ಎರಡ್ ಸಲ ಹಾಕೀರಲ್ಲ!" ಎಂದಳು. ಆ ಗಂಟಿನಲ್ಲಿದ್ದದ್ದು ಹನ್ನೆರಡೇ ಸೀರೆ. ಬಿಲ್ ಹಾಕುವಾಗ ಕರೆಂಟ್ ಹೋಗಿತ್ತು. ಬಂದ ಮೇಲೆ ಮತ್ತೊಮ್ಮೆ ಹಾಕಿದ್ದೆ. 'ಈ ನಂಬರಿನ ಬಿಲ್ ಮೊದಲೇ ಇದೆ, ಮುಂದುವರಿಯಲೇ?' ಎಂದು ಪಾಪ ಆ ಯಂತ್ರ ಕೇಳಿಯೂ ಇತ್ತು. ಸರ್ಟಿಫಿಕೇಟ್ ಪಡೆದವರು ಅದನ್ನೆಲ್ಲ ಓದುತ್ತಾರೆಯೇ? 'ಹೌದು' ಒತ್ತಿದ್ದೆ.

ಮಕ್ತಲ್‌ಗೆ ಹೋದೆ. ಕಾಕಾ ಕಟ್ಟೆಯ ಮೇಲೆ ಕುಳಿತಿದ್ದರು. ನಡೆದದ್ದನ್ನೆಲ್ಲ ಹೇಳಿದೆ.

"ಹಂಗಾದ್ರ ಕಂಪ್ಯೂಟರ್ ಮಾಫಿ ಕೇಳಾಕ ಬಂದೈತೇನ್ರಿ?"

"ಇಲ್ಲ ಕಾಕಾ, ನಾನs ಬಂದೀನಿ. ತಪ್ಪು ನಂದು. ನಾಳಿಂದ ಅಂಗಡಿಗೆ ಬರ್ರಿ."

ಅವರು ಒಳಗೆ ತಿರುಗಿ ನನಗೆ ಚಹಾ ಹೇಳಿದರು. ಆಮೇಲೆ ಮೆಲ್ಲಗೆ ಅಂದರು: "ಮಾಫಿ ಮಾಡೀನ್ರಿ. ಬರಾಕ ಮಾತ್ರ ಆಗಂಗಿಲ್ಲ. ಅವತ್ತು ಕುಂತಿದ್ದ ಗಿರಾಕಿಗಳ ಮನಿಮನಿಗೆ ಹೋಗಿ ನೀವು ಇದನ್ನ ಹೇಳ್ತೀರೇನು?"

ಹೇಳಲಿಲ್ಲ. ಆ ಗಿರಾಕಿಗಳ ಹೆಸರು, ಊರು ಗೊತ್ತಿಲ್ಲ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಅವೆಲ್ಲ ಕಂಪ್ಯೂಟರ್‌ನಲ್ಲಿ ವಿಳಾಸದ ಸಮೇತ ಇದ್ದವು.

ಇವತ್ತು ಮಧ್ಯಾಹ್ನ ಕಾಕಾ ಅಂಗಡಿಗೆ ಬಂದರು. ಮೊಮ್ಮಗಳ ಮದುವೆಗೆ ಸೀರೆ ಬೇಕಿತ್ತಂತೆ. ಆರಿಸಿದ ಸೀರೆಯನ್ನು ಮಡಚಿ ಕೈಗಿಟ್ಟು, "ರೊಕ್ಕ ಬ್ಯಾಡ ಕಾಕಾ" ಎಂದೆ.

"ತಗೋರಿ," ಎಂದರು ಕಾಕಾ, ನೋಟುಗಳನ್ನು ಮುಂದಿಟ್ಟು. "ನಾ ಈಗ ಗಿರಾಕಿ ಅದೀನ್ರಿ."

ಅಂಗಡಿಯಲ್ಲಿ ನಾಲ್ಕಾರು ಜನ ಕುಳಿತಿದ್ದರು. ನಾನು ಎದ್ದು ನಿಂತು, ಅವರೆಲ್ಲರಿಗೂ ಕೇಳುವ ಹಾಗೆ, ಆ ಹನ್ನೆರಡು ಸೀರೆಯ ಕಥೆ ಹೇಳಲು ಶುರುಮಾಡಿದೆ. ಕಾಕಾ ಹೊರಡಲು ಎದ್ದಿದ್ದವರು, ಮತ್ತೆ ಕುಳಿತರು.