ಹಗಲಲ್ಲಿ ಹಾಕಿದ ಹಲಗೆ

ಪುಣೆಗೆ ಬಂದ ಮೊದಲ ದಿನ, ಮಧ್ಯಾಹ್ನ ಒಂದು ಗಂಟೆಗೆ, ನೋಡನೋಡುತ್ತಿದ್ದಂತೆ ಇಡೀ ಬೀದಿಯ ಅಂಗಡಿಗಳು ಬಾಗಿಲು ಹಾಕಿಕೊಂಡವು. ನನ್ನನ್ನು ಕೆಲಸಕ್ಕಿಟ್ಟುಕೊಂಡ ಟೈಲರ್ ಅಂಗಡಿಯ ಮಾಲೀಕರನ್ನು, ಯಾರು ಸತ್ತರೆಂದು ಹರಕು ಹಿಂದಿಯಲ್ಲಿ ಕೇಳಿದೆ: "ಕೌನ್ ಮರ್ ಗಯಾ?" ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಜೇವಣ, ಜೇವಣ!" ಎಂದರು. ಜೇವಣ ಎಂದರೆ ಊಟ. ಉಂಡು, ಮಲಗಿ ಎದ್ದು, ನಾಲ್ಕಕ್ಕೆ ಮತ್ತೆ ತೆರೆಯುತ್ತಾರಂತೆ.

ನಮ್ಮ ನ್ಯಾಮತಿಯ ಪೇಟೆ ಬೀದಿ ಹಗಲಲ್ಲಿ ಮುಚ್ಚುತ್ತಿದ್ದುದು ಒಂದೇ ಕಾರಣಕ್ಕೆ. ಬೀದಿಯವರು ಯಾರಾದರೂ ತೀರಿಕೊಂಡರೆ, ಹೆಣ ಊರು ದಾಟುವವರೆಗೆ ಯಾರೂ ಅಂಗಡಿಗೆ ಬಾಗಿಲಾಗಿ ಹಾಕಿದ ಹಲಗೆ ತೆಗೆಯುತ್ತಿರಲಿಲ್ಲ. ಆ ಕಟ್ಟು ಮುರಿದವನು ನಾನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಚೆಂದ ಮಾಡಿ ಹೇಳಲು ಬಾರದು, ಆದದ್ದನ್ನು ಬರೆಯುತ್ತೇನೆ.

ನಾನು ಮತ್ತು ನನ್ನ ಅಣ್ಣ ರುದ್ರಪ್ಪ ಆ ಬೀದಿಯಲ್ಲಿ ಬಟ್ಟೆ ಹೊಲಿಯುತ್ತಿದ್ದೆವು. ಬಸ್ ನಿಲ್ದಾಣ ಊರ ಹೊರಗೆ ಹೋದ ಮೇಲೆ ಗಿರಾಕಿಗಳು ಬೀದಿಗೆ ಬರುವುದೇ ನಿಂತಿತು. ಅಣ್ಣ ಸುಮ್ಮನೆ ಕೂರಲಿಲ್ಲ. ಅಂಗಡಿ ಅಂಗಡಿಗೂ ಹೋಗಿ ಎಲ್ಲರನ್ನೂ ಒಪ್ಪಿಸಿದ. ಬೀದಿಗೆಲ್ಲ ಸುಣ್ಣ ಹೊಡೆಯುವುದು, ಯುಗಾದಿಯ ಮುಂಚಿನ ಸಂತೆಯ ದಿನ ಹೊಸ ಸರಕಿಟ್ಟು ಎಲ್ಲರೂ ಒಟ್ಟಿಗೆ ಅಂಗಡಿ ತೆರೆಯುವುದು, ಒಬ್ಬರೂ ನಿಲ್ದಾಣದ ಕಡೆ ಹೋಗಿ ಮಾರದಿರುವುದು. ನಾವಿಬ್ಬರೂ ಒಂದು ತಿಂಗಳು ಮಕ್ಕಳ ಲಂಗ, ಚಡ್ಡಿ, ಅಂಗಿ ಹೊಲಿದು ಗುಡ್ಡೆ ಹಾಕಿದೆವು.

ಆ ಸಂತೆಯ ದಿನ ಬೆಳಗ್ಗೆ, ಬೀದಿ ಮೂಲೆಯಲ್ಲಿ ಎಲೆ ಅಡಿಕೆ ಮಾರುತ್ತಿದ್ದ ಗಂಗವ್ವ ತೀರಿಕೊಂಡಳು.

"ಯಾರೂ ಹಲಗೆ ತೆಗೀಬ್ಯಾಡ್ರಿ" ಎಂದ ಅಣ್ಣ.

"ಅಣ್ಣ, ಸಂತೆ ಜನ ನಮಗೋಸ್ಕರ ಕಾಯ್ಕಂಡು ಕುಂತಿರ್ತಾರಾ?" ಎಂದೆ.

"ಸಂತೆ ಮುಂದಿನ ವಾರಾನೂ ಬರ್ತೈತೆ. ಗಂಗವ್ವ ಬರ್ತಾಳೇನೋ?"

ಅವನು ಸಾವಿನ ಮನೆಗೆ ಹೋದ. ನಾನು ಹಿತ್ತಲ ಬಾಗಿಲಿಂದ ಗಂಟು ಹೊತ್ತು ನಿಲ್ದಾಣಕ್ಕೆ ಹೋದೆ. ಎರಡು ಬೇವಿನ ಮರಗಳ ನಡುವೆ ಹಗ್ಗ ಕಟ್ಟಿ ಬಟ್ಟೆ ನೇತುಹಾಕಿದೆ. ಜನ ಮುತ್ತಿಕೊಂಡರು. ಸ್ಮಶಾನದ ದಾರಿಯೂ ಅದೇ ಎಂಬುದು ಆ ಗದ್ದಲದಲ್ಲಿ ಮರೆತೇ ಹೋಗಿತ್ತು. ಕೆಂಪು ಲಂಗವೊಂದನ್ನು ಎತ್ತಿ ಹಿಡಿದು, "ಬಣ್ಣ ಹೋದ್ರೆ ವಾಪಸ್ ತಗಂಬರ್ರಿ ಅಕ್ಕಾ" ಎನ್ನುತ್ತಿದ್ದೆ. ಎದುರಿಗೆ ಹೆಣ ಬಂತು. ಮುಂದೆ ಹೆಗಲು ಕೊಟ್ಟವನು ಅಣ್ಣ. ನನ್ನನ್ನು ನೋಡಿದ. ನಡೆದು ಹೋದ.

ಮುಂದಿನ ಸಂತೆಗೆ ಬಳೆ ಅಂಗಡಿಯ ಚನ್ನಪ್ಪ ಗಾಡಿ ತುಂಬಿಕೊಂಡು ನಿಲ್ದಾಣಕ್ಕೆ ಹೊರಟ. ಅಣ್ಣ ತಡೆದರೆ, "ನಿನ್ ತಮ್ಮನೇ ಹಾದಿ ತೋರ್ಸ್ಯಾನಲ್ಲೋ ಮಾರಾಯ" ಎಂದ. ಅಣ್ಣ ಗಾಡಿಗೆ ದಾರಿ ಬಿಟ್ಟ. ಪಾತ್ರೆಯವರು, ಕಿರಾಣಿಯವರು ಹಿಂದೆಯೇ ಹೋದರು. ಅಣ್ಣ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಊರಲ್ಲೇ ಇರುತ್ತಿದ್ದೆನೋ ಏನೋ.

ಇಲ್ಲಿ ಪುಣೆಯಲ್ಲಿ, ವಾಡೆ ಎನ್ನುವ ಹಳೆಯ ದೊಡ್ಡ ಮನೆಯಲ್ಲಿ ನಾಲ್ವರಿಗೆ ಒಂದು ಕೋಣೆ. ಬೇಳೆಸಾರಿಗೂ ಬೆಲ್ಲ ಹಾಕುತ್ತಾರೆ. ಘಟ್ಟ ಎಂದರೆ ಬಿಗಿ, ಸೈಲ ಎಂದರೆ ಸಡಿಲ. ಈ ಎರಡು ಮಾತಿನಲ್ಲೇ ಮೊದಲ ವರ್ಷ ಕಳೆದೆ. ಈಗ ಕಾಲರಿನ ಕೆಲಸ ಮಾಲೀಕರು ನನಗೇ ಕೊಡುತ್ತಾರೆ. ಎದುರಿನ ಇಸ್ತ್ರಿಯ ಮುದುಕ ಸತ್ತಾಗ ಅವನದೊಂದೇ ಅಂಗಡಿ ಮುಚ್ಚಿತ್ತು. ನಾನು ಮಾಡಿದ್ದು ಇಲ್ಲಿ ಯಾರಿಗೂ ತಪ್ಪೆನಿಸಲಿಕ್ಕಿಲ್ಲ. ಅದು ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಆರು ವರ್ಷದ ಮೇಲೆ, ಹೋದ ತಿಂಗಳು ಊರಿಗೆ ಹೋದೆ. ಬಸ್ಸಿಳಿದರೆ ಬೇವಿನ ಮರಗಳ ಜಾಗದಲ್ಲಿ ಚನ್ನಪ್ಪನ ಬಳೆ ಅಂಗಡಿ. "ಬಾರೋ, ನೀ ಹುಡುಕಿಕೊಟ್ಟ ಜಾಗ ಇದು!" ಎಂದು ನಕ್ಕು ಚಹಾ ತರಿಸಿದ. ಲೋಟ ಹಾಗೇ ಬಿಟ್ಟು ಎದ್ದೆ. ಪೇಟೆ ಬೀದಿಯಲ್ಲಿ ತೆರೆದಿದ್ದವು ನಾಲ್ಕೇ ಅಂಗಡಿ. ಆದರೂ ಅಣ್ಣ ಯುಗಾದಿ ಬಂದರೆ ಮುಚ್ಚಿದ ಅಂಗಡಿಗಳ ಗೋಡೆಗೂ ಸುಣ್ಣ ಬಳಿಯುತ್ತಾನಂತೆ. ನಮ್ಮ ಅಂಗಡಿಯಲ್ಲಿ ನನ್ನ ಮಷೀನು ಅದೇ ಜಾಗದಲ್ಲಿತ್ತು, ಅಣ್ಣ ಎಣ್ಣೆ ಬಿಟ್ಟಿದ್ದ. ತಪ್ಪಾಯಿತು ಎನ್ನಲು ಹೋದವನು ಹೊಲಿಯುತ್ತ ಕೂತೆ. ಮಧ್ಯಾಹ್ನ ಒಂದು ಗಂಟೆಯಾಯಿತು. ಪುಣೆಯ ಅಭ್ಯಾಸ; ನನಗೇ ತಿಳಿಯದೆ ಎದ್ದು ಹಲಗೆಯೊಂದನ್ನು ಬಾಗಿಲಿಗೆ ಎತ್ತಿ ಹಿಡಿದೆ.

ಅಣ್ಣ ಕತ್ತರಿ ಕೆಳಗಿಟ್ಟು ಗಾಬರಿಯಿಂದ ಬೀದಿಯತ್ತ ನೋಡಿದ. "ಯಾಕೋ? ಯಾರ್ ಹೋದ್ರೋ?"

"ಊಟದ ಹೊತ್ತಾತಲ್ಲಣ್ಣ" ಎಂದೆ.

ಅವನು ಎದ್ದು ಬಂದು, ನನ್ನ ಕೈಯಿಂದ ಹಲಗೆ ತೆಗೆದುಕೊಂಡು, ಮತ್ತೆ ಗೋಡೆಗೆ ಒರಗಿಸಿದ.

"ಈ ಬೀದೀಲಿ ಊಟಕ್ಕೆಲ್ಲ ಹಲಗೆ ಹಾಕಲ್ಲಪ್ಪ" ಎಂದ, ಊರಿಗೆ ಹೊಸದಾಗಿ ಬಂದವನಿಗೆ ಹೇಳುವ ಹಾಗೆ.