ಅವ್ವನ ನಂಬರು, ಕಾಕಾನ ಕಾರ್ಡು

ಸಿಮ್ ಕಾರ್ಡನ್ನು ಕತ್ತರಿಸಬೇಕೋ ಬದಲಿಸಬೇಕೋ ಎಂದು ಮಸ್ಕಿಯ ಚಹಾದಂಗಡಿಯಲ್ಲಿ ಕುಳಿತು ನಾನೂ ಕಾಕಾನೂ ಜಗಳಾಡಿದ್ದು ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿನಲ್ಲಿ. ಆಗ ನಮ್ಮ ಸಿಂಧನೂರಿಗೆ ಮೊಬೈಲಿನ ಸಿಗ್ನಲ್ಲೇ ಬಂದಿರಲಿಲ್ಲ. ಇಡೀ ಮನೆತನಕ್ಕೆ ಇದ್ದದ್ದು ಒಂದೇ ಮೊಬೈಲು, ಅದು ಕಾಕಾನದು. ಅಕ್ಕಿ ವ್ಯಾಪಾರಕ್ಕೆ ಹೈದರಾಬಾದಿಗೆ ಮೇಲಿಂದ ಮೇಲೆ ಹೋಗುತ್ತಿದ್ದವನು ಅಲ್ಲಿಯೇ ಅದನ್ನು ಕೊಂಡಿದ್ದ. ಊರಿಗೆ ಬಂದರೆ ಅದು ಅಂಗಿಯ ಜೇಬಿನ ಶೋಭೆ, ಅಷ್ಟೇ.

ನನ್ನ ತಂಗಿಯನ್ನು ಹೈದರಾಬಾದಿಗೆ ಕೊಟ್ಟಿದ್ದೆವು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಆದರೆ ನಡುವೆ ಒಮ್ಮೆ ರಕ್ತ ಕಂಡಿದ್ದರಿಂದ, ಬಸ್ಸು ಹತ್ತಿಸಲೇಬೇಡಿ ಎಂದು ಡಾಕ್ಟರು ಹೇಳಿಬಿಟ್ಟರು. ಮಗಳು ಬರಲಾಗದಿದ್ದರೆ ತವರೇ ಹೋಗಬೇಕಲ್ಲ, ಅವ್ವ ಸಜ್ಜೆ ರೊಟ್ಟಿಯ ಗಂಟು ಕಟ್ಟಿಕೊಂಡು ತಾನೇ ಹೋದಳು. ತಂಗಿಯ ಗಂಡ ಲಾರಿ ಡ್ರೈವರ್, ನಾಗಪುರದ ಕಡೆ ಹೊರಟನೆಂದರೆ ವಾರಗಟ್ಟಲೆ ಪತ್ತೆ ಇಲ್ಲ. ಅವರ ಒಂದು ಕೋಣೆಯ ಮನೆಯಲ್ಲಿ ಫೋನಿಲ್ಲ. ಓಣಿಯ ಕಿರಾಣಿ ಅಂಗಡಿಯ ಮುಂದೆ ಕಾಯಿನ್ ಹಾಕುವ ಫೋನೊಂದಿತ್ತು. ನೋವು ಶುರುವಾದರೆ ಅವ್ವ ಅಲ್ಲಿಂದ, ಹೆರಿಗೆಯ ತನಕ ಹೈದರಾಬಾದಿನಲ್ಲೇ ಉಳಿದಿದ್ದ ಕಾಕಾನಿಗೆ ಹೇಳಬೇಕು, ಅವನು ಪೇಟೆಯಲ್ಲಿ ಎಲ್ಲಿದ್ದರೂ ಗಾಡಿ ತಂದು ಆಸ್ಪತ್ರೆ ಮುಟ್ಟಿಸಬೇಕು. ತಡವಾದರೆ ಎರಡು ಜೀವಕ್ಕೂ ಅಪಾಯ ಎಂದು ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದ್ದರು.

ಅವ್ವನಿಗೆ ಅಕ್ಷರವೂ ಬಾರದು, ಅಂಕಿಯೂ ಬಾರದು. ಅವಳಿಗೆ ಕಾಕಾನ ನಂಬರನ್ನು ನಾನು ಕಲಿಸಿದ್ದು ನಮ್ಮ ಅಂಗಡಿಯ ಫೋನಿನ ಮೇಲೆ, ಚೌಕಾಬಾರದ ಕಾಯಿ ನಡೆಸುವ ಹಾಗೆ. ಮೊದಲು ಮೂರನೇ ಸಾಲಿನ ಕೊನೆಯ ಮನೆ, ಆಮೇಲೆ ಅದರ ಪಕ್ಕದ ಮನೆ, ಅಲ್ಲಿಂದ ಏರಿ ಮೇಲಿನ ಮೂಲೆಗೆ, ಹೀಗೆ. ರೊಟ್ಟಿ ಬಡಿಯುವ ಮೊದಲು ಹಿಟ್ಟಿನ ಮೇಲೆ ಬೆರಳಾಡಿಸುತ್ತ ಅವಳು ಆ ದಾರಿಯನ್ನು ಕಲಿತುಕೊಂಡಳು. ಅವಳಿಗೆ ಗೊತ್ತಿದ್ದದ್ದು ಅದೊಂದೇ ದಾರಿ.

ಅಂಥ ಹೊತ್ತಿನಲ್ಲಿ ಲಿಂಗಸುಗೂರಿನಲ್ಲಿ ಒಂದು ಮದುವೆ ಬಂತು, ತಪ್ಪಿಸಿದರೆ ಬೀಗತನವೇ ಮುರಿಯುವಂಥದ್ದು. ತಂಗಿಯ ಗಂಡ ಎರಡು ದಿನ ಮನೆಯಲ್ಲಿರುತ್ತೇನೆ ಎಂದ ಮೇಲೆ ಕಾಕಾ ಬಂದ. ಶನಿವಾರ ಸಂಜೆ ತಂಗಿಯ ಗಂಡ ಲಾರಿ ಹತ್ತುವುದರೊಳಗೆ ಕಾಕಾ ತಿರುಗಿ ಹೈದರಾಬಾದಿನಲ್ಲಿರಬೇಕು ಎಂದು ಮಾತಾಯಿತು. ಮದುವೆಯಲ್ಲಿ ಕಾಕಾ ಹಿರಿಯರ ಕಾಲಿಗೆ ಬಗ್ಗಿದ, ಮೊಬೈಲು ಜೇಬಿನಿಂದ ಜಾರಿ ಕಲ್ಲುಹಾಸಿನ ಮೇಲೆ ಬಿದ್ದು ಎರಡು ಹೋಳಾಯಿತು. ಬೀಗರ ಪೈಕಿ ಒಬ್ಬ ಜವಳಿ ವ್ಯಾಪಾರಿ, ಮುಂಬಯಿಯಿಂದ ತಂದ ತನ್ನದೊಂದು ಮೊಬೈಲ್ ಸೆಟ್ಟನ್ನು ಧಾರಾಳವಾಗಿ ಕೊಟ್ಟ. ನಮ್ಮ ಭಾಗ್ಯವೇ ಭಾಗ್ಯ ಎಂದುಕೊಂಡು ಶನಿವಾರ ಬೆಳಿಗ್ಗೆ ಬಸ್ಸು ಹತ್ತಿದೆವು. ಸಂತೆಕಲ್ಲೂರು ದಾಟಿದ ಮೇಲೆ ಕಾಕಾ ಸೆಟ್ಟಿನ ಬೆನ್ನು ಬಿಚ್ಚಿ ನೋಡಿದ. ಅವನ ಕಾರ್ಡು ಅಂಗೈಯಷ್ಟು, ಸೆಟ್ಟಿನೊಳಗೆ ಇದ್ದ ಜಾಗ ಹೆಬ್ಬೆಟ್ಟಿನ ಉಗುರಿನಷ್ಟು.

ನಾನು ಹುಟ್ಟಾ ಅಂಜುಬುರುಕ. ಬಸ್ಸು ಅರ್ಧ ತಾಸು ತಡವಾದರೆ ಸಾಕು, ನನ್ನ ತಲೆಯಲ್ಲಿ ಅದು ಆಗಲೇ ಕಾಲುವೆಗೆ ಬಿದ್ದಿರುತ್ತದೆ. ಮಸ್ಕಿಯಲ್ಲಿ ಇಳಿದು ಚಹಾದಂಗಡಿಯಲ್ಲಿ ಕುಳಿತೆವು.

"ಕತ್ತರಿಸಬ್ಯಾಡ್ರಿ ಕಾಕಾ. ಹೈದರಾಬಾದಿಗೆ ಹೋಗಿ ಕಂಪನಿಯವರ ಕಡಿಂದ ಸಣ್ಣ ಕಾರ್ಡ್ ಇಸ್ಕೊಳ್ರಿ."

"ನಾಳೆ ರವಿವಾರಲೇ. ಅವರು ಸೋಮವಾರ ಬಾಗಲಾ ತೆಗೀತಾರ. ಅಲ್ಲೀತನಕಾ ತಡಕೋ ಅಂತ ನಿನ್ನ ತಂಗಿಗೆ ಹೇಳ್ಲೇನು? ಮ್ಯಾಲ ಅದ ನಂಬರ್ ಕೊಡ್ತಾರಂತ ಯಾರು ಕಂಡಾರ? ನಂಬರ್ ಬದ್ಲಾದ್ರ ನಿಮ್ಮವ್ವಗ ಮತ್ತ ಚೌಕಾಬಾರ ಕಲಿಸಾಕ ನೀ ಬರ್ತೀಯೇನು?"

"ಕತ್ತರಿಸಿದ ಮ್ಯಾಲ ಸತ್ತ್ರ?"

"ಹಿಂಗ ಇಟ್ಕೊಂಡ್ರ ಏನ್ ಬದುಕಿರ್ತೈತಿ? ಬೆನ್ನು ತುರಿಸಿಕೊಳ್ಳಾಕ ಬರ್ತೈತಿ, ಅಷ್ಟ."

ಎದುರಿಗೇ ಕಾಕಾನ ಪರಿಚಯದ ಪತ್ತಾರರ ಅಂಗಡಿ ಇತ್ತು. ಬಂಗಾರದ ತಗಡನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗದಂತೆ ಕತ್ತರಿಸುವ ಮನುಷ್ಯನಿಗಿಂತ ಇನ್ನಾರು ಬೇಕು ಎಂದು ಕಾಕಾ ಎದ್ದೇಬಿಟ್ಟ. ಪತ್ತಾರರು ಸಂಗತಿ ಕೇಳಿ, "ಇದೇನ್ ದೊಡ್ಡ ಮಾತ್ರಿ ಸಾವ್ಕಾರ್ರ," ಎಂದು ಕಾರ್ಡನ್ನು ಕೈಗೆ ತೆಗೆದುಕೊಂಡರು. ಅದರ ಒಂದು ಬದಿಯಲ್ಲಿ ಬಂಗಾರದ ಬಣ್ಣದ ಸಣ್ಣ ಬಿಲ್ಲೆ ಹೊಳೆಯುತ್ತಿತ್ತು. ಜೀವಮಾನದ ರೂಢಿ ಎಲ್ಲಿ ಹೋದೀತು. ಕತ್ತರಿ ಹಿಡಿಯುವ ಮೊದಲು ಅವರ ಕೈ ತಾನಾಗಿ ಒರೆಗಲ್ಲಿನ ಕಡೆ ಹೋಯಿತು, ಆ ಬಿಲ್ಲೆಯನ್ನು ಕಲ್ಲಿನ ಮೇಲೆ ಒಮ್ಮೆ ಉಜ್ಜಿಯೇಬಿಟ್ಟಿತು. ನಾನು ಚೀರಿದೆ.

"ಹೆದರಬ್ಯಾಡ್ರಿ. ಬರೇ ಬಂಗಾರದ ನೀರು ಕುಡಿಸ್ಯಾರ, ಮೋಸ ಹೋಗೀರಿ," ಎಂದರು ಅವರು ನಮ್ಮ ಮೇಲಿನ ಮರುಕದಿಂದ.

ಬಿಲ್ಲೆಯ ಮೇಲೆ ಉದ್ದಕ್ಕೆ ಒಂದು ಗೀರು ಮೂಡಿತ್ತು. ಕಾಕಾನ ಮುಖವೂ ಆಗ ಕಪ್ಪಿಟ್ಟಿತು. ಆದದ್ದು ಆಗಿಹೋಯಿತೆಂದು, ಸೆಟ್ಟಿನೊಳಗಿನ ಜಾಗದ ಅಳತೆಗೆ ಕಾಗದ ಕತ್ತರಿಸಿ, ಅದನ್ನು ಕಾರ್ಡಿನ ಮೇಲಿಟ್ಟು, ಪತ್ತಾರರು ಉಸಿರು ಬಿಗಿಹಿಡಿದು ಕತ್ತರಿ ಆಡಿಸಿದರು. ಕಾರ್ಡು ಒಳಗೆ ಕುಳಿತಿತು, ಪರದೆಯೂ ಬೆಳಗಿತು. ಆದರೆ ಅದು ಮಾತಾಡುತ್ತದೋ ಇಲ್ಲವೋ ಎಂದು ಮಸ್ಕಿಯಲ್ಲಿ ನೋಡುವುದು ಹೇಗೆ? ಸಿಗ್ನಲ್ ಇರುವ ಸೀಮೆ ಮುಟ್ಟುವವರೆಗೆ ಆ ದೇವರೇ ಬಲ್ಲ. ಕಾಕಾ ಅಲ್ಲಿಂದಲೇ ಮುಂದಿನ ಬಸ್ಸು ಹತ್ತಿದ. ನಾನು ಸಿಂಧನೂರಿಗೆ ಬಂದೆ.

ನಮ್ಮ ಅಂಗಡಿಯ ಫೋನಿನಿಂದ ಹೊರ ಊರಿಗೆ ಮಾಡಲು ಬರುತ್ತಿರಲಿಲ್ಲ, ಮಧ್ಯಾಹ್ನದಿಂದಲೇ ಎಸ್‌ಟಿಡಿ ಬೂತಿನಲ್ಲಿ ಕುಳಿತೆ. ಆ ನಂಬರನ್ನು ಒತ್ತುವುದು, ತೆಲುಗಿನಲ್ಲಿ ಒಬ್ಬ ಹೆಣ್ಣುಮಗಳು ಸಂಪರ್ಕ ಸಿಗುತ್ತಿಲ್ಲ ಎನ್ನುವುದು, ಇಡುವುದು, ಮತ್ತೆ ಒತ್ತುವುದು. ಬಸ್ಸು ಇನ್ನೂ ದಾರಿಯಲ್ಲಿದ್ದರೂ ಅವಳು ಹೇಳುವುದು ಅದನ್ನೇ, ಕಾರ್ಡು ಸತ್ತಿದ್ದರೂ ಹೇಳುವುದು ಅದನ್ನೇ. ಅವ್ವನ ಕಿವಿಗೂ ಇದೇ ದನಿ ಬಿದ್ದರೆ ಅವಳಿಗೆ ಏನು ತಿಳಿಯಬೇಕು? ತನ್ನ ಬೆರಳೇ ದಾರಿ ತಪ್ಪಿತೆಂದುಕೊಂಡು ಮೊದಲಿನಿಂದ ಶುರು ಮಾಡುತ್ತಾಳೆ.

ದೀಪ ಹಚ್ಚುವ ಹೊತ್ತಿಗೆ ಮತ್ತೆ ಒತ್ತಿದಾಗ ಆ ಕಡೆ ಗಂಟೆ ಬಾರಿಸಿತು. "ಹಲೋ," ಎಂದ ಕಾಕಾ. ನನಗೆ ಅಳುವೇ ಬಂತು. ಕೇಳಿಸುತ್ತದೆಯೇ, ಗೀರು ದೊಡ್ಡದಾಗಿಲ್ಲವಷ್ಟೇ, ಕಾರ್ಡು ಅಲುಗಾಡುತ್ತದೆಯೇ, ಒಂದು ಚೂರು ಕಾಗದ ಮಡಚಿ ಹಿಂದೆ ಇಟ್ಟರೆ ಹೇಗೆ ಎಂದು ಕೇಳುತ್ತಲೇ ಹೋದೆ. ಅವನು ಬೈದು ಇಟ್ಟ. ಇಟ್ಟ ಮರುಗಳಿಗೆಯಲ್ಲಿ ಮತ್ತೆ ಸಂಶಯ ಬಂತು, ಈಗ ಸತ್ತಿದ್ದರೆ? ಮತ್ತೆ ಮಾಡಿದೆ. ಅವನು ಎತ್ತಿದ. ಪೇಟೆಯಲ್ಲೇ ಇರಬೇಡಿ, ತಂಗಿಯ ಮನೆಯ ಹತ್ತಿರ ಹೋಗಿ ಎಂದು ಗೋಗರೆದೆ. ಇನ್ನೂ ಒಮ್ಮೆ ಮಾಡಿದೆ. ಅದರ ಮುಂದಿನ ಸಲ ಲೈನು ಎಂಗೇಜ್ ಬಂತು. ಬಹಳ ಹೊತ್ತಿನ ಮೇಲೆ ಸಿಕ್ಕಾಗ ಕಾಕಾನ ದನಿಯ ಹಿಂದೆ ಆಟೋದ ಸದ್ದಿತ್ತು.

"ನಿಮ್ಮವ್ವ ಮಾಡಿದ್ಲು. ಹೊಂಟೀನಿ. ಇಡಲೇ ಫೋನ್, ನಿನಗ ಕೈ ಮುಗೀತೀನಿ!"

ಇಟ್ಟೆ. ಅಂಗಡಿಗೆ ಬಂದು ನಮ್ಮ ಫೋನಿನ ಮುಂದೆ ಕುಳಿತೆ. ಜೀವನದಲ್ಲಿ ಅಷ್ಟು ಕಷ್ಟದ ಕೆಲಸ ನಾನು ಮಾಡಿಲ್ಲ.

ಬೆಳಿಗ್ಗೆ ಫೋನು ಬಂತು. ಹೆಣ್ಣು ಕೂಸು, ತಾಯಿ ಉಳಿದಿದ್ದಾಳೆ, ಇನ್ನೊಂದು ಗಳಿಗೆ ತಡವಾಗಿದ್ದರೆ ಕಷ್ಟವಿತ್ತಂತೆ ಎಂದು ಕಾಕಾ ಹೇಳಿದ. ಕಾರ್ಡು ಕೈಕೊಡಲಿಲ್ಲವಲ್ಲ ಎಂದು ನಾನು ಗೋಡೆಗೆ ಒರಗಿದೆ. ಆಮೇಲೆ ಅವ್ವ ಫೋನು ಇಸಿದುಕೊಂಡಳು. ಅವಳ ಸಿಟ್ಟು ಇನ್ನೂ ಆರಿರಲಿಲ್ಲ.

"ನಾ ದಾರಿ ತಪ್ಪಿಲ್ಲಪಾ, ಎಲ್ಲಾ ಮನಿ ಬರೋಬ್ಬರಿ ಒತ್ತೀನಿ. ಆದ್ರ ಒತ್ತಿದಾಗೆಲ್ಲ ಕುಂಯ್ ಕುಂಯ್ ಅಂತಿತ್ತು. ನಿಮ್ಮ ಕಾಕಾನ ಕೂಡ ಯಾವನೋ ಮೂಳ ಹರಟಿ ಹೊಡಿಯಾಕತ್ತಿದ್ನಂತ. ಮನ್ಯಾಗ ಆಕಿ ಒಬ್ಬಾಕಿನ ಒದ್ದಾಡಾಕತ್ತಾಳ, ನಾ ಅಲ್ಲಿಗೊಮ್ಮಿ ಇಲ್ಲಿಗೊಮ್ಮಿ ಓಡಾಕತ್ತೀನಿ. ಅವನ ಬಾಯಾಗ ಮಣ್ಣು ಬೀಳ್ಲಿ."

ಅವಳ ಹಿಂದೆ ಕಾಕಾ ಜೋರಾಗಿ ನಗುವುದು ಕೇಳಿಸಿತು.

"ಬೀಳ್ಲಿ ಬಿಡವ್ವಾ," ಎಂದೆ.