ಎಲೆಕ್ಟ್ರಾನುಗಳು ಎಲ್ಲಿಗೆ ಹೋದವು

ನೀಲಾಂಬಿಕಾಳಿಗೆ ಹೆದರಿಕೆ ಹೊಸದಲ್ಲ. ಹೆದರುವುದೇ ಅವಳ ಕೆಲಸ. ಕೊಪ್ಪಳದಿಂದ ಬಂದು ಮಲ್ಲತ್ತಹಳ್ಳಿಯ ಹನುಮಕ್ಕನ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಈ ಹುಡುಗಿ ಐದು ವರ್ಷದಿಂದ ಸಂಶೋಧನೆ ಮಾಡುತ್ತಿದ್ದಾಳೆ. ಸೂರ್ಯನ ಉಪಟಳಕ್ಕೆ ಭೂಮಿಯ ಕಾಂತಕ್ಷೇತ್ರ ಅಲ್ಲಾಡಿದರೆ ಅದನ್ನು ಕಾಂತ ಬಿರುಗಾಳಿ ಎನ್ನುತ್ತಾರೆ. ಆಗ ಭೂಮಿಯ ಸುತ್ತ ಸಿಕ್ಕಿಬಿದ್ದಿರುವ ಎಲೆಕ್ಟ್ರಾನುಗಳು ಎಲ್ಲಿ ಏರುತ್ತವೆ, ಎಲ್ಲಿ ಇಳಿಯುತ್ತವೆ ಎಂದು ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿ ಮುಂಚೆಯೇ ಹೇಳಬೇಕು. ಅವಳ ಮಾತಿನ ಮೇಲೆ ಒಂದು ಉಪಕರಣದ ಜೀವ ನಿಂತಿತ್ತು. ಗೈಡ್ ಪಂಚಾಕ್ಷರಿಯವರು ಎಂಟು ವರ್ಷ ಜೀವ ತೇದು ಮಾಡಿಸಿದ ಪುಟ್ಟ ಎಕ್ಸ್-ರೇ ದೂರದರ್ಶಕವದು; ಒಂದು ಕಂಪನಿಯ ಉಪಗ್ರಹದ ಬೆನ್ನೇರಿ ಸುತ್ತುತ್ತಿತ್ತು. ಎಲೆಕ್ಟ್ರಾನುಗಳು ಹೆಚ್ಚಾದಾಗ ಅದು ಆನ್ ಆಗಿದ್ದರೆ ಸುಟ್ಟುಹೋದ ಹಾಗೇ.

ಕಳೆದ ವರ್ಷ ಇವಳು ಹೆದರಿ ನಾಲ್ಕು ದಿನ ಅದನ್ನು ಆಫ್ ಮಾಡಿಸಿದ್ದಳು. ಏನೂ ಆಗಲಿಲ್ಲ. 'ನೀಲಾಂಬಿಕಾ ಅಂದ್ರೆ ದೂರದರ್ಶಕಕ್ಕೆ ರಜಾ' ಎಂದು ವಿಭಾಗದವರೆಲ್ಲ ಆಡಿಕೊಂಡರು. ನಗುವವರಿಗೇನು, ನಕ್ಕು ಟೀ ಕುಡಿಯಲು ಹೋಗುತ್ತಾರೆ. ಇವಳಿಗೆ ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಹಾಗಾಗಿ ಮೊನ್ನೆ ಬಿರುಗಾಳಿಗೆಂದು ಉಪಕರಣವನ್ನು ಆಫ್ ಮಾಡಿಸಿದ್ದವಳು ಮರುದಿನ ಬೆಳಿಗ್ಗೆ, ಬೇರೊಂದು ಉಪಗ್ರಹದ ಅಂಕಿಗಳಲ್ಲಿ ಎಲೆಕ್ಟ್ರಾನುಗಳು ನೂರರಲ್ಲಿ ಒಂದು ಪಾಲಿಗೆ ಇಳಿದದ್ದನ್ನು ಕಂಡದ್ದೇ ತಡ, ಕಂಪನಿಯ ಎಂಜಿನಿಯರ್ ಮಧ್ವೇಶನಿಗೆ ಫೋನ್ ಮಾಡಿ "ಎಲ್ಲಾ ಕ್ಲಿಯರ್ ಸರ್, ಆನ್ ಮಾಡಿ" ಎಂದುಬಿಟ್ಟಳು. ಹನ್ನೊಂದು ಗಂಟೆಗೆ ಮಾಡುವುದಾಗಿ ಅವನು ಹೇಳಿದ.

ಹತ್ತೂಮುಕ್ಕಾಲಿಗೆ ವಿಭಾಗಕ್ಕೆ ಹೊರಟು ಮೆಟ್ಟಿಲಿಳಿಯುವಾಗ ಹನುಮಕ್ಕ ಅಡ್ಡ ನಿಂತಳು. ಹಳೇ ಊರಿನ ಯಜಮಾನಿ. ಟಿವಿ ಹೇಳಿದ್ದನ್ನೆಲ್ಲ ನಂಬುತ್ತಾಳೆ, ಬಾಡಿಗೆಯವರು ಹೇಳಿದ್ದನ್ನು ನಂಬುವುದಿಲ್ಲ.

"ಏನಮ್ಮಾ, ಅದೇನೋ ಬಿರುಗಾಳಿ ಅಂತ ಟೀವೀಲಿ ಬಂತು. ನಮ್ಮ ಬೋರ್ ಮೋಟ್ರು ಸುಟ್ಟೋಗಲ್ಲ ತಾನೆ?"

"ಏನೂ ಆಗಲ್ಲ ಆಂಟಿ. ಮೇಲಿದ್ದ ಎಲೆಕ್ಟ್ರಾನ್ ಎಲ್ಲಾ ಹೋಗಿಬಿಟ್ವು."

"ಹೋದ್ವು ಅಂದ್ರೆ ಎಲ್ಲಿಗೆ ಹೋದ್ವು? ವಾಪಸ್ ಬಂದ್ರೆ?"

ಎಲ್ಲಿಗೆ ಹೋದವೆಂದು ನೀಲಾಂಬಿಕಾ ಯೋಚಿಸಿಯೇ ಇರಲಿಲ್ಲ. ಕೆಳಗೆ ವಾತಾವರಣಕ್ಕೆ ಬಿದ್ದಿದ್ದರೆ ಅದರ ಗುರುತು ಕಾಣಬೇಕಿತ್ತು, ಕಂಡಿರಲಿಲ್ಲ. ಬಿರುಗಾಳಿಯಲ್ಲಿ ಕಾಂತಕ್ಷೇತ್ರದ ಹಿಡಿತ ಸಡಿಲವಾಗುತ್ತದೆ, ಎಲೆಕ್ಟ್ರಾನುಗಳು ಹೊರಗೆ ಸರಿಯುತ್ತವೆ, ಇದ್ದ ಜಾಗ ಬರಿದಾದಂತೆ ಕಾಣುತ್ತದೆ. ಹಿಡಿತ ಮತ್ತೆ ಬಿಗಿಯಾದೊಡನೆ ಒಳಗೆ ನುಗ್ಗುತ್ತವೆ, ಕೆಲವೊಮ್ಮೆ ಮೊದಲಿಗಿಂತ ಹೆಚ್ಚಾಗಿ. ಜೂನಿಯರ್‌ಗಳಿಗೆ ಮೊದಲ ವಾರವೇ ಈ ಪಾಠ ಹೇಳುವವಳು ಇವಳೇ! ಇವತ್ತು ಮಾದರಿಯನ್ನು ಓಡಿಸಿ ನೋಡದೆ ಬರೀ ಕಣ್ಣಳತೆಯಲ್ಲಿ ಹೇಳಿಬಿಟ್ಟಿದ್ದಳು.

ಮಧ್ವೇಶನಿಗೆ ಫೋನ್ ಮಾಡಿದರೆ ಎಂಗೇಜ್. ಮತ್ತೆ ಮಾಡಿದಳು, ಎಂಗೇಜ್. ಮೆಟ್ಟಿಲ ಮೇಲೇ ಕುಳಿತು ಮತ್ತೆ ಮತ್ತೆ ಒತ್ತಿದಳು. ಹನ್ನೊಂದಕ್ಕೆ ನಾಲ್ಕು ನಿಮಿಷವಿರುವಾಗ ಮಧ್ವೇಶ ಸಿಕ್ಕಿದ.

"ಸರ್, ತಪ್ಪಾಗೇತ್ರಿ! ಆನ್ ಮಾಡಬ್ಯಾಡ್ರಿ!" ಗಾಬರಿಯಲ್ಲಿ ಊರಿನ ಮಾತು ತಾನಾಗಿ ಬಂದಿತ್ತು.

"ಬೆಳಿಗ್ಗೆ ಕ್ಲಿಯರ್ ಅಂದ್ರಲ್ಲ ಮೇಡಂ? ಹೋದ್ ವರ್ಷಾನೂ ಹಿಂಗೇ ಮಾಡಿದ್ರಿ. ಗ್ಯಾರಂಟೀನಾ?"

"ಗ್ಯಾರಂಟಿ ಇಲ್ರಿ. ನಗೋರು ನಗಲಿ. ಬ್ಯಾಡ್ರಿ."

ಅತ್ತ ಕಡೆ ನಿಟ್ಟುಸಿರು ಕೇಳಿಸಿತು. "ಸರಿ, ನಿಲ್ಲಿಸ್ತೀನಿ."

ಆಮೇಲೆ ವಿಭಾಗಕ್ಕೆ ಹೋಗಿ ಕುಳಿತವಳು ಊಟಕ್ಕೂ ಏಳಲಿಲ್ಲ. ಪರದೆಯ ಮೇಲೆ ಎಲೆಕ್ಟ್ರಾನುಗಳ ಲೆಕ್ಕ ತೋರಿಸುವ ಗೆರೆ ಮಲಗಿಯೇ ಇತ್ತು. ಹಿಂದಿನ ಮೇಜಿನವರು ರಜಾ ಎಷ್ಟು ದಿನ ಎಂದು ಕೇಳಿದರು. ಎಲೆಕ್ಟ್ರಾನುಗಳು ಬರಲಿ ಎಂದು ಒಳಗೊಳಗೇ ಬೇಡಿಕೊಂಡಳು, ಬೇಡಿಕೊಂಡದ್ದಕ್ಕೆ ನಾಚಿಕೊಂಡಳು. ಮೂರೂಕಾಲಿಗೆ ಗೆರೆ ಎದ್ದಿತು. ಎದ್ದದ್ದು ಬಿರುಗಾಳಿಗೆ ಮುಂಚಿನ ಮಟ್ಟದಲ್ಲಿ ನಿಲ್ಲದೆ ಅದರ ಹತ್ತು ಪಟ್ಟಿಗೆ ಹೋಯಿತು. ಹಿಂದಿನ ಮೇಜಿನವರು ಕುರ್ಚಿ ಎಳೆದುಕೊಂಡು ಬಂದು ನೋಡಿದರು.

ಪರವೂರಿನಲ್ಲಿದ್ದ ಪಂಚಾಕ್ಷರಿಯವರ ಫೋನ್ ಬಂತು. ಮಧ್ವೇಶ ಎಲ್ಲ ಹೇಳಿದ್ದನೆಂದು ಕಾಣುತ್ತದೆ.

"ಬೆಳಿಗ್ಗೆ ಆನ್ ಮಾಡಿ ಅಂದಿದ್ದು ಯಾರು?"

"ನಾನೇ ಸರ್."

"ಬೇಡ ಅಂದಿದ್ದು?"

"ಅದೂ ನಾನೇ ಸರ್," ಎಂದು, ಎಲ್ಲರೆದುರಿಗೇ, ಅವಳು ಅತ್ತುಬಿಟ್ಟಳು.